ಬೀಗವಿಲ್ಲದ ಚಿಪ್ ಮಾಡಬಹುದಾ? ಬಳ್ಳಾರಿಯಿಂದ ಬಂದ ಒಂದು ಪ್ರಶ್ನೆ

ಪ್ರಶ್ನೆ: ಸರ್, ನಮಸ್ಕಾರ. ಬಳ್ಳಾರಿಯಲ್ಲಿ ಹನ್ನೊಂದು ವರ್ಷದಿಂದ ಪಂಪ್‌ಸೆಟ್ ಸ್ಟಾರ್ಟರ್, ಮೊಬೈಲ್ ಸ್ಟಾರ್ಟರ್ ಮಾಡಿ ಮಾರುತ್ತೇನೆ. ಸಿರುಗುಪ್ಪ, ಕಂಪ್ಲಿ, ಸಿಂಧನೂರು ಕಡೆಯ ರೈತರೇ ಗಿರಾಕಿಗಳು. ಕಂಟ್ರೋಲರ್ ಬೋರ್ಡ್ ಮಾತ್ರ ಹೊರಗಿನಿಂದ ತರಿಸುತ್ತೇನೆ. ಹೋದ ವರ್ಷ ಬಂದ ಬೋರ್ಡುಗಳಲ್ಲಿ ಚಿಪ್ ಮೇಲಿನ ಹೆಸರು ಅದೇ ಇತ್ತು, ಕೆಲಸ ಮಾಡುವ ರೀತಿ ಬೇರೆ ಇತ್ತು. ಮಧ್ಯಾಹ್ನದ ಬಿಸಿಲಿಗೆ ತಾನೇ ರೀಸೆಟ್ ಆಗುತ್ತಿತ್ತು. ಒಳಗಿನ ಪ್ರೋಗ್ರಾಂ ಲಾಕ್. ಕೇಳಿದರೆ ಹೊಸ ಬೋರ್ಡ್ ತಗೊಳ್ಳಿ ಅಂದರು. ನಲವತ್ತು ಜನ ರೈತರಿಗೆ ನಾನೇ ಕೈಯಿಂದ ಹಾಕಿ ಬದಲಿಸಿಕೊಟ್ಟೆ.

ಅಕ್ಕನ ಮಗ ಇಲ್ಲೇ ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಕೊನೆ ವರ್ಷ. "ಮಾಮ, ರಿಸ್ಕ್-ಫೈವ್ ಫ್ರೀ ಇದೆ, ನಮ್ಮದೇ ಚಿಪ್ ಮಾಡೋಣ, ಎಲ್ಲ ಓಪನ್ ಇರಲಿ, ಯಾರಿಗೂ ಮೋಸ ಆಗದ ಚಿಪ್ ಮಾಡೋಣ" ಅನ್ನುತ್ತಾನೆ. ನಾನು, ಇಬ್ಬರು ಗೆಳೆಯರು ಸೇರಿ 8 ಲಕ್ಷ ಎತ್ತಿಟ್ಟಿದ್ದೇವೆ. ಇದು ಆಗುತ್ತದಾ? ಎಲ್ಲ ತೆರೆದಿಟ್ಟರೆ ಕಳ್ಳರಿಗೆ ಅನುಕೂಲ ಆಗುವುದಿಲ್ಲವೇ? ಬೇರೆಯವರು ಕದ್ದರೆ? ಡಬ್ಬಿ ಮೇಲೆ "ಪೂರ್ತಿ ಓಪನ್ ಸೋರ್ಸ್, ನೈತಿಕ ಚಿಪ್" ಅಂತ ಬರೆಸಬಹುದಾ?

ಉತ್ತರ: ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ. ಆ 8 ಲಕ್ಷವನ್ನು ಈ ವರ್ಷ ಚಿಪ್ ಮೇಲೆ ಹಾಕಬೇಡಿ. ಹುಡುಗನನ್ನು ಮಾತ್ರ ತಡೆಯಬೇಡಿ. ಅವನಿಗೆ ಬೇಕಾಗಿರುವುದು ಅದರಲ್ಲಿ ಸಣ್ಣ ಪಾಲು ಅಷ್ಟೇ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಮೂರು ಬೇರೆ ಬೇರೆ ನೋವುಗಳಿವೆ. ನಕಲಿ ಚಿಪ್ ಬಂದದ್ದು ಒಂದು. ಪ್ರೋಗ್ರಾಂ ಲಾಕ್ ಇದ್ದದ್ದು ಇನ್ನೊಂದು. ಯಾರನ್ನೂ ಹಿಂಡದೆ ತಯಾರಾದ ವಸ್ತು ಮಾರಬೇಕು ಅನ್ನುವ ಆಸೆ ಮೂರನೆಯದು. ಮೂರಕ್ಕೂ "ಓಪನ್ ಚಿಪ್" ಒಂದೇ ಔಷಧ ಅಂತ ನಿಮ್ಮ ಹುಡುಗ ಅಂದುಕೊಂಡಿದ್ದಾನೆ. ಅವನ ವಯಸ್ಸಿನಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ನಾನು ಮಸ್ಕಿ ಕಡೆಯವನು, ಬೆಂಗಳೂರಿನಲ್ಲಿ ಚಿಪ್ ಡಿಸೈನ್ ಕೆಲಸದಲ್ಲೇ ಇಪ್ಪತ್ತು ವರ್ಷ ಕಳೆದವನು.

ರಿಸ್ಕ್-ಫೈವ್ ಫ್ರೀ ಅನ್ನುವುದು ನಿಜ. ಆದರೆ ಏನು ಫ್ರೀ ಅಂತ ನೋಡಬೇಕು. ಬಳ್ಳಾರಿಯವರಿಗೆ ಜೀನ್ಸ್ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಸೊಂಟ 32 ಅಂದರೆ ಎಲ್ಲ ಕಡೆಯೂ 32. ಆ ಅಳತೆಯ ಪಟ್ಟಿಗೆ ಯಾರೂ ಮಾಲೀಕರಲ್ಲ. ರಿಸ್ಕ್-ಫೈವ್ ಅಂಥ ಪಟ್ಟಿ. ಪ್ರೊಸೆಸರ್‌ಗೆ ಯಾವ ಯಾವ ಆದೇಶ ಅರ್ಥವಾಗಬೇಕು ಅನ್ನುವ ನಿಯಮಗಳು, ಅಷ್ಟೇ. 2010ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. ಈಗ ಅದನ್ನು ನೋಡಿಕೊಳ್ಳುವ ಸಂಸ್ಥೆ ಸ್ವಿಟ್ಜರ್ಲೆಂಡ್‌ನಲ್ಲಿದೆ. ಪಟ್ಟಿ ಬಳಸಿದ್ದಕ್ಕೆ ರಾಯಲ್ಟಿ ಇಲ್ಲ.

ಪಟ್ಟಿ ಸಿಕ್ಕಿತು ಅಂದರೆ ಪ್ಯಾಂಟ್ ಸಿಕ್ಕಿತು ಅಂತಲ್ಲ. ಅದಾದ ಮೇಲೆ ಪ್ಯಾಟರ್ನ್ ಬೇಕು. ಚಿಪ್ಪಿನಲ್ಲಿ ಇದು ವೆರಿಲಾಗ್‌ನಂಥ ಭಾಷೆಯಲ್ಲಿ ಬರೆದ ಕೋಡ್. ಆಮೇಲೆ ಕಟಿಂಗ್ ಟೇಬಲ್ ಮೇಲೆ ಬಟ್ಟೆ ಹರಡಿ ಯಾವ ತುಂಡು ಎಲ್ಲಿ ಬರಬೇಕು ಅಂತ ಗುರುತು ಹಾಕುತ್ತಾರಲ್ಲ, ನಮ್ಮಲ್ಲಿ ಅದಕ್ಕೆ ಲೇಔಟ್ ಅನ್ನುತ್ತೇವೆ. ಆ ಗುರುತು ಹಾಕಲು ಬಟ್ಟೆಯ ಗುಣ ಗೊತ್ತಿರಬೇಕು. ವಾಶ್ ಮಾಡಿದರೆ ಎಷ್ಟು ಕುಗ್ಗುತ್ತದೆ, ಹೊಲಿಗೆಗೆ ಎಷ್ಟು ಅಂಚು ಬಿಡಬೇಕು. ಚಿಪ್ ಕಾರ್ಖಾನೆಯೂ ಇಂಥ ಒಂದು ದಪ್ಪ ನಿಯಮ ಪುಸ್ತಕ ಕೊಡುತ್ತದೆ. ಅದರ ಹೆಸರು ಪಿಡಿಕೆ. ಯಾರಿಗೂ ಹೇಳುವುದಿಲ್ಲ ಅಂತ ಸಹಿ ಹಾಕಿದವರಿಗೆ ಮಾತ್ರ ಕೊಡುತ್ತದೆ. ಕೊನೆಗೆ ಹೊಲಿಗೆ, ವಾಶಿಂಗ್. ಅದೇ ಕಾರ್ಖಾನೆ, ಅಂದರೆ ಫ್ಯಾಬ್.

ಪ್ರತಿ ಹಂತಕ್ಕೂ ಬೇರೆ ಬೇರೆ ಬೀಗ. ಒಂದು ತೆರೆದರೆ ಇನ್ನೊಂದು ತೆರೆಯುವುದಿಲ್ಲ.

ನಿಮ್ಮ ಅಂಗಡಿಗೇ ಬರುವ ಉದಾಹರಣೆ ತಗೊಳ್ಳಿ. ಇಎಸ್‌ಪಿ32-ಸಿ3 ಅನ್ನುವ ಚಿಪ್ ನೋಡಿರುತ್ತೀರಿ. ಅದು ರಿಸ್ಕ್-ಫೈವ್. ಹತ್ತು ಸೆಂಟಿನ ಚಿಪ್ ಅಂತ ಹೆಸರಾದ ಸಿಎಚ್32ವಿ003 ಕೂಡ ರಿಸ್ಕ್-ಫೈವ್. ಎರಡರ ಒಳಗಿನ ಪ್ಯಾಟರ್ನ್ ಮುಚ್ಚಿದೆ. 2024ರಲ್ಲಿ ಬಂದ ರಾಸ್ಪ್‌ಬೆರಿ ಪೈ ಪಿಕೊ 2 ಬೋರ್ಡಿನ ಚಿಪ್‌ನಲ್ಲಿ ಹಜಾರ್ಡ್3 ಅನ್ನುವ ಎರಡು ರಿಸ್ಕ್-ಫೈವ್ ಕೋರ್‌ಗಳಿವೆ. ಕೋರ್ ಅಂದರೆ ಆದೇಶಗಳನ್ನು ನಡೆಸುವ ಭಾಗ. ಆ ಕೋರ್‌ಗಳ ಕೋಡನ್ನು ಯಾರು ಬೇಕಾದರೂ ಓದಬಹುದು. ಪೂರ್ತಿ ಚಿಪ್ಪಿನ ನಕ್ಷೆ ಮಾತ್ರ ಸಿಗುವುದಿಲ್ಲ. ಹಾಗಾಗಿ "ರಿಸ್ಕ್-ಫೈವ್ ಇದೆ, ಅದಕ್ಕೇ ಓಪನ್" ಅಂತ ಯಾರಾದರೂ ಮಾರಲು ಬಂದರೆ, ಯಾವ ಬೀಗ ತೆರೆದಿದೆ ತೋರಿಸಿ ಅಂತ ಕೇಳಿ.

"ಭಾರತದಲ್ಲಿ ಮಾಡಿದ್ದು, ಅದಕ್ಕೇ ಓಪನ್" ಅನ್ನುವುದಕ್ಕೂ ಇದೇ ಮಾತು. ನಮ್ಮ ಕಡೆ ಶಕ್ತಿ ಅಂದರೆ ಮೊದಲು ನೆನಪಾಗುವುದು ಶಕ್ತಿನಗರದ ಚಿಮಣಿ. ಚಿಪ್ ಲೋಕದಲ್ಲಿ ಶಕ್ತಿ ಅಂದರೆ ಐಐಟಿ ಮದ್ರಾಸಿನ ಪ್ರೊಸೆಸರ್. ಪ್ರೊ. ಕಾಮಕೋಟಿಯವರ ತಂಡದ್ದು. ಅದರ ಕೋಡ್ ಓಪನ್. 2018ರಲ್ಲಿ ಒಂದು ಶಕ್ತಿ ಚಿಪ್ಪನ್ನು ಇಂಟೆಲ್‌ನ 22 ನ್ಯಾನೋಮೀಟರ್ ಫ್ಯಾಬ್‌ನಲ್ಲಿ, ಇನ್ನೊಂದನ್ನು ನಮ್ಮ ಸರ್ಕಾರದ್ದೇ ಆದ ಎಸ್‌ಸಿಎಲ್‌ನ 180 ನ್ಯಾನೋಮೀಟರ್ ಫ್ಯಾಬ್‌ನಲ್ಲಿ ಮಾಡಿಸಿದರು. ನ್ಯಾನೋಮೀಟರ್ ಲೆಕ್ಕ ಚಿಪ್ಪಿನ ಗೆರೆ ಎಷ್ಟು ಸಣ್ಣದು ಅನ್ನುವುದಕ್ಕೆ, ಸಂಖ್ಯೆ ಕಡಿಮೆ ಆದಷ್ಟೂ ತಂತ್ರ ಹೊಸದು. ಒಳ್ಳೆಯ ಕೆಲಸ, ನನಗೆ ಹೆಮ್ಮೆ ಇದೆ. ಆದರೆ ಎರಡೂ ಫ್ಯಾಬ್‌ಗಳ ನಿಯಮ ಪುಸ್ತಕ ಮುಚ್ಚಿಯೇ ಇದೆ.

ನಿಮ್ಮ ಹುಡುಗನ ಕನಸನ್ನು ಅವನಿಗಿಂತ ಮೊದಲು ಕಂಡವರಿದ್ದಾರೆ. ಯುರೋಪಿನ ಲಿಬ್ರೆ-ಎಸ್‌ಒಸಿ ತಂಡ ಪೂರ್ತಿ ಪಾರದರ್ಶಕ ಚಿಪ್ ಮಾಡಲು ಹೊರಟಿತು. ರಿಸ್ಕ್-ಫೈವ್‌ನಿಂದ ಶುರುಮಾಡಿದರು. ಅದರ ಸಂಸ್ಥೆಯೊಳಗೆ ಸೇರಿ ಮಾತಾಡಬೇಕಾದರೆ ಗುಟ್ಟಿನ ಷರತ್ತು ಒಪ್ಪಬೇಕು, ಅದು ನಮ್ಮ ತತ್ವಕ್ಕೆ ಹೊಂದುವುದಿಲ್ಲ ಅಂತ ಬಿಟ್ಟರು. ಐಬಿಎಂ 2019ರಲ್ಲಿ ತೆರೆದಿಟ್ಟ ಪವರ್ ಅನ್ನುವ ಇಂಥದೇ ಇನ್ನೊಂದು ಪಟ್ಟಿಯ ಕಡೆ ಹೋದರು. 2021ರಲ್ಲಿ 180 ನ್ಯಾನೋಮೀಟರ್‌ನಲ್ಲಿ ಒಂದು ಪರೀಕ್ಷಾ ಚಿಪ್ಪಿನ ನಕ್ಷೆಯನ್ನು ಫ್ಯಾಬ್‌ಗೆ ಕಳಿಸಿದರು. ಅಷ್ಟು ಹಟ ಹಿಡಿದವರಿಗೂ ಫ್ಯಾಬ್‌ನ ಪುಸ್ತಕ ಮುಚ್ಚಿಯೇ ಇತ್ತು.

ಈ ಕೊನೆಯ ಬೀಗ ಸ್ವಲ್ಪ ಸಡಿಲವಾದದ್ದು 2020ರಲ್ಲಿ. ಗೂಗಲ್ ಮತ್ತು ಅಮೆರಿಕದ ಸ್ಕೈವಾಟರ್ ಫ್ಯಾಬ್ ಸೇರಿ 130 ನ್ಯಾನೋಮೀಟರ್‌ನ ನಿಯಮ ಪುಸ್ತಕವನ್ನು ಸಾರ್ವಜನಿಕ ಮಾಡಿದವು. ಆಮೇಲೆ ಗ್ಲೋಬಲ್‌ಫೌಂಡ್ರೀಸ್‌ನ 180, ಜರ್ಮನಿಯ ಐಎಚ್‌ಪಿಯ 130 ಕೂಡ ಬಂದವು. ಇದು ಇಪ್ಪತ್ತು ವರ್ಷಕ್ಕೂ ಹಳೆಯ ತಂತ್ರ. ಇದರಲ್ಲಿ ಮೊಬೈಲ್ ಪ್ರೊಸೆಸರ್ ಆಗುವುದಿಲ್ಲ. ಪಂಪ್ ಸ್ಟಾರ್ಟರ್‌ಗೆ ಧಾರಾಳ ಸಾಕು. ಡಿಸೈನ್ ಮಾಡುವ ಸಾಫ್ಟ್‌ವೇರ್ ಕೂಡ ಉಚಿತ. ಯೋಸಿಸ್, ಓಪನ್‌ರೋಡ್, ಮ್ಯಾಜಿಕ್, ಕೆಲೇಔಟ್. ನನ್ನ ಕಾಲದಲ್ಲಿ ಇಂಥ ಸಾಫ್ಟ್‌ವೇರ್‌ನ ಒಂದು ವರ್ಷದ ಲೈಸೆನ್ಸಿಗೆ ಒಂದು ಮನೆಯೇ ಬರುತ್ತಿತ್ತು. ಈಗ ಹುಡುಗನ ಲ್ಯಾಪ್‌ಟಾಪ್‌ನಲ್ಲಿ ಓಡುತ್ತದೆ. ಇದನ್ನು ನೆನೆದರೆ ಸ್ವಲ್ಪ ಹೊಟ್ಟೆಕಿಚ್ಚೇ ಆಗುತ್ತದೆ.

ಇನ್ನು ಕಳ್ಳರ ಭಯ. ಮುಚ್ಚಿಟ್ಟರೆ ಭದ್ರ ಅನ್ನುವುದು ಹಳೆಯ ನಂಬಿಕೆ. 2018ರ ಜನವರಿಯಲ್ಲಿ ಬೆಳಕಿಗೆ ಬಂದ ಮೆಲ್ಟ್‌ಡೌನ್, ಸ್ಪೆಕ್ಟರ್ ದೋಷಗಳು ವರ್ಷಗಟ್ಟಲೆ ಮುಚ್ಚಿದ ಪ್ರೊಸೆಸರ್‌ಗಳಲ್ಲೇ ಅಡಗಿದ್ದವು. ಹಾಗಂತ ತೆರೆದಿಟ್ಟ ಕೂಡಲೇ ಭದ್ರ ಅಂತಲೂ ಅಲ್ಲ. ಯಾರಾದರೂ ಕೂತು ಓದಿದರೆ ಮಾತ್ರ ಲಾಭ. ಸಣ್ಣ ಯೋಜನೆಗಳ ಕೋಡನ್ನು ಬರೆದವನು ಬಿಟ್ಟರೆ ಇನ್ನೊಬ್ಬರು ಓದುವುದೇ ಕಡಿಮೆ.

ಅದಕ್ಕಿಂತ ದೊಡ್ಡ ಪ್ರಶ್ನೆ ಒಂದಿದೆ. ನೀವು ಕಳಿಸಿದ ನಕ್ಷೆಯಂತೆಯೇ ಚಿಪ್ ಬಂದಿದೆ ಅಂತ ಹೇಗೆ ನೋಡುತ್ತೀರಿ? ಕಣ್ಣಿಗೆ ಕಾಣುವ ಬೆಳಕಿನ ಅಲೆಯೇ 400ರಿಂದ 700 ನ್ಯಾನೋಮೀಟರ್ ಉದ್ದ. 130 ನ್ಯಾನೋಮೀಟರ್ ಗೆರೆ ಸಾಮಾನ್ಯ ಮೈಕ್ರೋಸ್ಕೋಪಿನಲ್ಲಿ ಬಿಡಿಯಾಗಿ ಕಾಣುವುದೇ ಇಲ್ಲ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಹಾಕಬೇಕಾದರೆ ಚಿಪ್ಪಿನ ಪದರ ಪದರ ಕೆರೆಯಬೇಕು. ನೋಡಿದ ಚಿಪ್ ಮತ್ತೆ ಬಳಸಲು ಬರುವುದಿಲ್ಲ. ಸಿಲಿಕಾನ್ ಇನ್‌ಫ್ರಾರೆಡ್ ಬೆಳಕಿಗೆ ಗಾಜಿನಂತೆ. ಅದನ್ನೇ ಬಳಸಿ ಬೆನ್ನಿನ ಕಡೆಯಿಂದ ಚಿಪ್ಪಿನ ಒಳಗನ್ನು ಚಿತ್ರ ತೆಗೆಯುವ ವಿಧಾನವನ್ನು ಬನ್ನಿ ಹುವಾಂಗ್ ಅನ್ನುವ ಇಂಜಿನಿಯರ್ ಬೆಳೆಸಿದ್ದಾರೆ. ಒಳಗೆ ಹೆಚ್ಚುಕಡಿಮೆ ಏನಿದೆ ಅಂತ ಅದರಿಂದ ಅಂದಾಜು ಸಿಗುತ್ತದೆ. ಒಂದೊಂದು ಟ್ರಾನ್ಸಿಸ್ಟರ್ ಎಣಿಸಲು ಆಗುವುದಿಲ್ಲ. ಎಲ್ಲ ತೆರೆದಿಟ್ಟರೂ ಫ್ಯಾಬ್ ಮೇಲೆ ಒಂದಿಷ್ಟು ನಂಬಿಕೆ ಇಡಲೇಬೇಕು, ಅಲ್ವಾ.

ನಿಮ್ಮ ಸ್ಟಾರ್ಟರ್‌ನಲ್ಲೇ ಇನ್ನೊಂದು ಡಬ್ಬಿ ಇದೆ, ನೆನಪಿದೆಯಾ? ಸಿಮ್ ಹಾಕುವ ಜಿಎಸ್‌ಎಂ ಮಾಡ್ಯೂಲ್. ಅದರ ಒಳಗೊಂದು ಪ್ರೊಸೆಸರ್, ಅದಕ್ಕೊಂದು ಪ್ರೋಗ್ರಾಂ, ಎಲ್ಲ ಮುಚ್ಚಿದ್ದು. ನಿಮ್ಮ ಚಿಪ್ ಎಷ್ಟೇ ತೆರೆದಿದ್ದರೂ ಪಕ್ಕದ ಮನೆಗೆ ಬೀಗ ಇದ್ದೇ ಇರುತ್ತದೆ.

ಬೇರೆಯವರು ಕದ್ದರೆ ಅಂತ ಕೇಳಿದ್ದೀರಿ. ತೆರೆದಿಡುವುದು ಅಂದರೆ ಹಕ್ಕು ಬಿಟ್ಟುಕೊಡುವುದು ಅಲ್ಲ. ಯುರೋಪಿನ ಭೌತಶಾಸ್ತ್ರ ಸಂಶೋಧನಾ ಸಂಸ್ಥೆ ಸರ್ನ್ ಹಾರ್ಡ್‌ವೇರ್‌ಗೆ ಅಂತಲೇ ಬರೆದ ಲೈಸೆನ್ಸ್ ಇದೆ. ಅದರ ಬಿಗಿ ಬಗೆಯನ್ನು ಆರಿಸಿಕೊಂಡರೆ, ನಿಮ್ಮ ನಕ್ಷೆ ತಿದ್ದಿ ಮಾರುವವನು ತನ್ನ ತಿದ್ದುಪಡಿಯನ್ನೂ ತೆರೆದಿಡಬೇಕು. ಚಿಪ್ ಲೇಔಟ್ ರಕ್ಷಣೆಗೆ ನಮ್ಮ ದೇಶದಲ್ಲಿ 2000ದ ಕಾಯ್ದೆಯೂ ಇದೆ, ನೋಂದಾಯಿಸಿದರೆ 10 ವರ್ಷ. ನಿಜ ಹೇಳಬೇಕೆಂದರೆ, ನಿಮ್ಮನ್ನು ಬಾಧಿಸಿದ್ದು ನಕ್ಷೆಯ ಕಳ್ಳತನ ಅಲ್ಲ. ಯಾವುದೋ ಅಗ್ಗದ ಚಿಪ್ಪಿನ ಮೇಲಿನ ಹೆಸರು ಉಜ್ಜಿ ಬೇರೆ ಹೆಸರು ಬರೆದು ಮಾರಿದ ಹಾಗಿದೆ. ಓಪನ್ ಚಿಪ್ಪಿಗೂ ಯಾರಾದರೂ ಹಾಗೆ ಮಾಡಬಹುದು. ಅದಕ್ಕೆ ಮದ್ದು ಖರೀದಿಯಲ್ಲಿದೆ. ತಯಾರಕರ ಅಧಿಕೃತ ವಿತರಕರಿಂದಲೇ, ಬಿಲ್ ಸಮೇತ ತಗೊಳ್ಳಿ. ಪ್ರತಿ ಲಾಟಿನಿಂದ ನಾಲ್ಕು ಚಿಪ್ ತೆಗೆದು ಬಿಸಿಗೆ ಇಟ್ಟು ನೋಡಿ. ಸಾಮಾನ್ಯ ದರ್ಜೆಯ ಚಿಪ್ 70 ಡಿಗ್ರಿವರೆಗೆ, ಇಂಡಸ್ಟ್ರಿಯಲ್ ದರ್ಜೆಯದು 85ರವರೆಗೆ. ಏಪ್ರಿಲ್‌ನಲ್ಲಿ ಹೊಲದ ತಗಡಿನ ಡಬ್ಬಿಯೊಳಗೆ ಎಷ್ಟು ಕಾಯುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ನೈತಿಕತೆಯ ಮಾತಿಗೆ ಬರುತ್ತೇನೆ. ಇದು ಕಷ್ಟದ ಭಾಗ, ಮತ್ತು ನಮ್ಮ ಜಿಲ್ಲೆಗಳವರು ಇದನ್ನು ಬೇರೆಯವರಿಗಿಂತ ಬೇಗ ಅರ್ಥ ಮಾಡಿಕೊಳ್ಳುತ್ತಾರೆ. ಕೆಂಪು ಧೂಳು ತಿಂದವರು ನಾವು. 2011ರಲ್ಲಿ ಲೋಕಾಯುಕ್ತ ವರದಿ ಬಂದು, ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸುವವರೆಗೆ, ಆ ಅದಿರು ಎಲ್ಲಿಗೆ ಹೋಗಿ ಏನಾಯಿತು ಅಂತ ಅದನ್ನು ಕೊಂಡವರು ಕೇಳಿರಲಿಲ್ಲ. ಚಿಪ್ಪಿನ ಕಥೆಯೂ ಹಾಗೇ. ಚಿನ್ನ, ತವರ, ಟಂಗ್‌ಸ್ಟನ್, ಟ್ಯಾಂಟಲಮ್ ಎಲೆಕ್ಟ್ರಾನಿಕ್ಸ್‌ಗೆ ಬೇಕು. ಇವುಗಳಲ್ಲಿ ಒಂದು ಪಾಲು ಕಾಂಗೋದ ಯುದ್ಧಪೀಡಿತ ಗಣಿಗಳಿಂದ ಬರುತ್ತದೆ ಅಂತಲೇ ಅಮೆರಿಕ 2010ರಲ್ಲಿ ಕಂಪನಿಗಳು ಮೂಲ ತಿಳಿಸಬೇಕು ಅಂತ ಕಾನೂನು ಮಾಡಿತು.

ಹುಡುಗ ಕೇಳಬಹುದು, ನಮ್ಮ ಲಿಂಗಸುಗೂರಿನ ಹಟ್ಟಿ ಚಿನ್ನವನ್ನೇ ಬಳಸಿದರೆ? ಲೆಕ್ಕ ಹಾಕಿ ನೋಡಿದೆ. ಚಿಪ್ಪನ್ನು ಹೊರಗಿನ ಕಾಲುಗಳಿಗೆ ಜೋಡಿಸುವ ತಂತಿ 25 ಮೈಕ್ರಾನ್ ದಪ್ಪ, ಒಂದೊಂದು ಎರಡು ಮಿಲಿಮೀಟರ್ ಉದ್ದ ಅಂತ ಇಟ್ಟುಕೊಳ್ಳಿ. 32 ತಂತಿಯ ಚಿಪ್ಪಿಗೆ ಅರ್ಧ ಮಿಲಿಗ್ರಾಂಗಿಂತ ಚೂರು ಜಾಸ್ತಿ ಚಿನ್ನ. ಒಂದು ಗ್ರಾಂನಲ್ಲಿ ಸಾವಿರದ ಐನೂರಕ್ಕೂ ಹೆಚ್ಚು ಚಿಪ್ ಆಗುತ್ತವೆ. ಈಗ ಬಹಳ ಕಡೆ ತಾಮ್ರದ ತಂತಿಯನ್ನೇ ಹಾಕುತ್ತಾರೆ. ಚಿನ್ನ ತುಟ್ಟಿ. ಹಟ್ಟಿಯಲ್ಲೂ ಅದಿರಿನಿಂದ ಚಿನ್ನ ಬೇರ್ಪಡಿಸಲು ಸೈನೈಡ್ ಬೇಕೇ ಬೇಕು. ಊರಿನ ಚಿನ್ನ ಅನ್ನುವ ಖುಷಿ ಇರಬಹುದು, ಪಾಪ ತೊಳೆದುಹೋಗುವುದಿಲ್ಲ.

ನನ್ನ ಅನುಭವದಲ್ಲಿ ಜನ ಗಣಿಯ ಬಗ್ಗೆ ಕೇಳುತ್ತಾರೆ, ಫ್ಯಾಬ್ ಬಗ್ಗೆ ಕೇಳುವುದಿಲ್ಲ. ಹೊರಗಿನಿಂದ ನೋಡಿದರೆ ಆಸ್ಪತ್ರೆಗಿಂತ ಸ್ವಚ್ಛ. ಆ ಸ್ವಚ್ಛತೆ ಚಿಪ್ಪಿಗಾಗಿ, ಅಲ್ಲಿ ದುಡಿಯುವವರಿಗಾಗಿ ಅಲ್ಲ. ಕ್ಯಾಲಿಫೋರ್ನಿಯಾದ ಸಿಲಿಕಾನ್ ವ್ಯಾಲಿ ಇರುವ ಸಾಂತಾ ಕ್ಲಾರಾ ಕೌಂಟಿಯಲ್ಲಿ ಅಮೆರಿಕ ಸರ್ಕಾರ ಅತಿ ಕಲುಷಿತ ಅಂತ ಪಟ್ಟಿ ಮಾಡಿದ 20ಕ್ಕೂ ಹೆಚ್ಚು ಜಾಗಗಳಿವೆ. ಅವುಗಳಲ್ಲಿ ಬಹಳಷ್ಟು ಕಡೆ ಹಳೆಯ ಚಿಪ್ ಕಾರ್ಖಾನೆಗಳ ದ್ರಾವಣಗಳು ಅಂತರ್ಜಲಕ್ಕೆ ಇಳಿದವು. ದಕ್ಷಿಣ ಕೊರಿಯಾದಲ್ಲಿ ಚಿಪ್ ಕಾರ್ಮಿಕರಿಗೆ ರಕ್ತದ ಕ್ಯಾನ್ಸರ್ ಬಂದ ಪ್ರಕರಣಗಳಲ್ಲಿ ಸ್ಯಾಮ್‌ಸಂಗ್ 2018ರಲ್ಲಿ ಕ್ಷಮೆ ಕೇಳಿತು. ಕೆತ್ತನೆಗೆ ಬಳಸುವ ಅನಿಲಗಳಲ್ಲಿ ಒಂದಾದ ಕಾರ್ಬನ್ ಟೆಟ್ರಾಫ್ಲೋರೈಡ್ ಹೊರಗೆ ಹೋದರೆ ಸುಮಾರು 50,000 ವರ್ಷ ಗಾಳಿಯಲ್ಲಿರುತ್ತದೆ. ಜೀನ್ಸ್ ವಾಶಿಂಗ್ ನೀರು ಎಲ್ಲಿಗೆ ಹೋಗುತ್ತದೆ ಅಂತ ಬಳ್ಳಾರಿಯಲ್ಲಿ ಕೇಳುತ್ತೇವಲ್ಲ, ಅದೇ ಪ್ರಶ್ನೆ ಇಲ್ಲೂ ಕೇಳಬೇಕು. ನಕ್ಷೆ ಓಪನ್ ಇದ್ದ ಮಾತ್ರಕ್ಕೆ ಆ ನೀರು ತಿಳಿಯಾಗುವುದಿಲ್ಲ.

ಹಾಗಾದರೆ ಏನು ಮಾಡಬಹುದು?

ನಿಮ್ಮ ವ್ಯಾಪಾರಕ್ಕೆ: ಬೋರ್ಡನ್ನು ನಿಮ್ಮದಾಗಿಸಿಕೊಳ್ಳಿ. ಸುಲಭವಾಗಿ ಸಿಗುವ, ಹತ್ತು ವರ್ಷ ಪೂರೈಸುತ್ತೇವೆ ಅಂತ ತಯಾರಕರೇ ಬರೆದುಕೊಟ್ಟ ಮೈಕ್ರೋಕಂಟ್ರೋಲರ್ ಆರಿಸಿ. ಬೋರ್ಡ್ ನಕ್ಷೆಯನ್ನು ಕಿಕ್ಯಾಡ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಮಾಡಿ, ಪ್ರೋಗ್ರಾಂ ನೀವೇ ಬರೆಸಿ, ಎರಡನ್ನೂ ತೆರೆದಿಡಿ. ನಿಮ್ಮ ಮುಕ್ಕಾಲು ತೊಂದರೆ ಇಲ್ಲೇ ತೀರುತ್ತದೆ. ಅಪಾಯ ಒಂದೇ. ಪ್ರೋಗ್ರಾಂ ಬರೆದ ಹುಡುಗ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದರೆ ಮುಂದೆ ನೋಡಿಕೊಳ್ಳುವವರು ಬೇಕು. ಕೋಡ್ ಜೊತೆ ವಿವರಣೆಯನ್ನೂ ಕನ್ನಡದಲ್ಲಿ ಬರೆಸಿಡಿ.

ಹುಡುಗನಿಗೆ: ಮೊದಲು ಎಫ್‌ಪಿಜಿಎ, ಅಂದರೆ ಒಳಗಿನ ಜೋಡಣೆಯನ್ನು ಬೇಕಾದ ಹಾಗೆ ಬದಲಿಸಿಕೊಳ್ಳಬಹುದಾದ ಚಿಪ್. ಐಸ್40 ಅನ್ನುವ ಸಣ್ಣ ಎಫ್‌ಪಿಜಿಎಗೆ ಪೂರ್ತಿ ಓಪನ್ ಸಾಫ್ಟ್‌ವೇರ್ ಇದೆ. ಬೋರ್ಡ್ ಕೆಲವು ಸಾವಿರ ರೂಪಾಯಿ. ಸರ್ವ್ ಅನ್ನುವ ಪುಟಾಣಿ ರಿಸ್ಕ್-ಫೈವ್ ಕೋರ್ ಅದರಲ್ಲಿ ಆರಾಮಾಗಿ ಕೂರುತ್ತದೆ. ತಪ್ಪಾದರೆ ಅಳಿಸಿ ಮತ್ತೆ ಹಾಕಬಹುದು.

ಅದಾದ ಮೇಲೆ ನಿಜವಾದ ಸಿಲಿಕಾನ್ ಬೇಕು ಅಂದರೆ ಟೈನಿ ಟೇಪ್‌ಔಟ್ ಅನ್ನುವ ಯೋಜನೆ. ಬಾಡಿಗೆ ಟ್ರ್ಯಾಕ್ಸಿನಲ್ಲಿ ಸೀಟು ಹಿಡಿದ ಹಾಗೆ. ನೂರಾರು ಜನರ ಡಿಸೈನ್ ಒಂದೇ ಚಿಪ್ಪಿನಲ್ಲಿ. ಒಬ್ಬರ ಪಾಲಿನ ಒಂದು ತುಂಡಿನಲ್ಲಿ ಸುಮಾರು ಸಾವಿರ ಗೇಟ್ (ಹೌದು-ಇಲ್ಲ ಲೆಕ್ಕ ಮಾಡುವ ಪುಟ್ಟ ಸರ್ಕ್ಯೂಟ್), 8 ಇನ್‌ಪುಟ್, 8 ಔಟ್‌ಪುಟ್, ಎರಡೂ ಕಡೆ ಬಳಸಬಹುದಾದ ಇನ್ನು 8. ಖರ್ಚು ಕೆಲವು ಹತ್ತು ಸಾವಿರ ರೂಪಾಯಿ. ಕೈಗೆ ಬರಲು ಅರ್ಧ ವರ್ಷಕ್ಕೂ ಜಾಸ್ತಿ ಹಿಡಿಯಬಹುದು.

ಬರೀ ಸಾವಿರ ಗೇಟಿನಲ್ಲಿ ಏನು ಮಾಡುವುದು ಅಂತ ಕೇಳಬೇಡಿ, ನಿಮ್ಮದೇ ಕೆಲಸ ಇದೆ. ಫೇಸ್ ಪರೀಕ್ಷೆ. ತ್ರೀ ಫೇಸ್‌ನ ಮೂರು ತಂತಿಗಳಿಗೆ ಆರ್, ವೈ, ಬಿ ಅನ್ನುತ್ತೇವಲ್ಲ, 50 ಹರ್ಟ್ಜ್ ಕರೆಂಟಿನಲ್ಲಿ ಆರ್ ಆದ 6.67 ಮಿಲಿಸೆಕೆಂಡಿಗೆ ವೈ, ಅದಾದ ಅಷ್ಟೇ ಹೊತ್ತಿಗೆ ಬಿ ಬರಬೇಕು. ವೈ ಜಾಗದಲ್ಲಿ ಬಿ ಬಂದರೆ ಮೋಟರ್ ಉಲ್ಟಾ ತಿರುಗುತ್ತದೆ. ಒಂದು ಬರದೇ ಇದ್ದರೆ ವೈಂಡಿಂಗ್ ಸುಟ್ಟೀತು. ಒಂದು ಕೌಂಟರ್, ಕೆಲವು ಗೇಟು, ಕರೆಂಟ್ ಬಂದ ಮೇಲೆ ಎರಡು ನಿಮಿಷ ತಡೆಯುವ ಟೈಮರ್. ಇಷ್ಟು ಆ ಸಾವಿರ ಗೇಟಿನೊಳಗೆ ಹಿಡಿಸುತ್ತದೆ. ಪ್ರೊಸೆಸರ್ರೇ ಬೇಡ, ಪ್ರೋಗ್ರಾಂ ಕೂಡ ಬೇಡ. ಕೊನೆ ವರ್ಷದ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ವಿಷಯ ನನಗೆ ಹೊಳೆಯುವುದಿಲ್ಲ. ಆದರೆ ಇದನ್ನು ಹೊಲಕ್ಕೆ ಇಳಿಸಬೇಡಿ. ಸಿಡಿಲಿನ ಹೊಡೆತ, ವೋಲ್ಟೇಜ್ ಏರಿಳಿತ, ಬಿಸಿ, ಇವಕ್ಕೆಲ್ಲ ಪರೀಕ್ಷಿಸಿದ ಚಿಪ್ ಅದಲ್ಲ.

ನಿಮ್ಮದೇ ಪೂರ್ತಿ ಚಿಪ್ ಬೇಕು ಅಂದರೆ ಲೆಕ್ಕ ಬೇರೆ. ಈಫ್ಯಾಬ್‌ಲೆಸ್ ಅನ್ನುವ ಅಮೆರಿಕದ ಕಂಪನಿ 9,750 ಡಾಲರಿಗೆ ನೂರು ಚಿಪ್ ಮಾಡಿಸಿಕೊಡುತ್ತಿತ್ತು. ಹೆಚ್ಚೂಕಡಿಮೆ ನಿಮ್ಮ 8 ಲಕ್ಷ. 2025ರ ಮಾರ್ಚ್‌ನಲ್ಲಿ ಬಾಗಿಲು ಹಾಕಿತು. ಟೈನಿ ಟೇಪ್‌ಔಟ್‌ನವರೂ ಅದನ್ನೇ ನಂಬಿದ್ದರು. ಆಮೇಲೆ ಐಎಚ್‌ಪಿ ಕಡೆ ತಿರುಗಬೇಕಾಯಿತು. ನಕ್ಷೆ, ಸಾಫ್ಟ್‌ವೇರ್, ಪುಸ್ತಕ ಎಲ್ಲ ಓಪನ್ ಇದ್ದವು, ಬಸ್ಸೇ ನಿಂತುಹೋಯಿತು. ಸಾವಿರಾರು ಚಿಪ್ ಮಾಡಿಸಲು ನಿಮ್ಮದೇ ಮಾಸ್ಕ್, ಅಂದರೆ ನಕ್ಷೆಯನ್ನು ಸಿಲಿಕಾನ್ ಮೇಲೆ ಮೂಡಿಸುವ ಅಚ್ಚು ಬೇಕು, ಅದು ಕೋಟಿಯ ಮಾತು.

ನನ್ನದೇ ಒಂದು ಪೆಟ್ಟು ಹೇಳುತ್ತೇನೆ. ನಾನು ಕೆಲಸ ಮಾಡುತ್ತಿದ್ದ ಕಡೆ ಮೊದಲ ಸಲ ಒಂದು ಚಿಪ್ಪಿನ ಪೂರ್ತಿ ಹೊಣೆ ನನ್ನ ಮೇಲೆ ಬಂತು. ನಾಲ್ಕು ತಿಂಗಳು ಕಾದೆವು. ಡಬ್ಬಿ ಬಂತು, ಪೂಜೆಯನ್ನೂ ಮಾಡಿದೆವು. ಚಿಪ್ ಏಳಲೇ ಇಲ್ಲ. ರೀಸೆಟ್ ಸಿಗ್ನಲ್ಲನ್ನು ಉಲ್ಟಾ ಜೋಡಿಸಿದ್ದೆ. ಸಿಗ್ನಲ್ಲನ್ನು ತಿರುಗಿಸುವ ಒಂದೇ ಒಂದು ಗೇಟ್ (ಇನ್ವರ್ಟರ್) ಬಿಟ್ಟುಹೋಗಿತ್ತು. ಸಾಫ್ಟ್‌ವೇರ್ ಆಗಿದ್ದರೆ ಐದು ನಿಮಿಷ. ಸಿಲಿಕಾನಿನಲ್ಲಿ ಮತ್ತೆ ನಾಲ್ಕು ತಿಂಗಳು, ಮತ್ತೆ ದುಡ್ಡು. ಅನುಭವಿಗಳ ತಂಡವೂ ಮೊದಲ ಸಲಕ್ಕೆ ಗೆಲ್ಲುವ ಭರವಸೆ ಇಲ್ಲ. ನಿಮ್ಮ ಹತ್ತಿರ ಇರುವುದು ಒಂದೇ ಸಲದ ದುಡ್ಡು.

ಇನ್ನೊಂದು ದಾರಿ ಕಾಲೇಜಿನದು. ಕೇಂದ್ರದ ಚಿಪ್ಸ್ ಟು ಸ್ಟಾರ್ಟಪ್ ಯೋಜನೆಯಲ್ಲಿ ನೂರಕ್ಕೂ ಹೆಚ್ಚು ಸಂಸ್ಥೆಗಳಿವೆ. ಅಲ್ಲಿಯ ವಿದ್ಯಾರ್ಥಿಗಳ ಚಿಪ್ಪುಗಳನ್ನು ಎಸ್‌ಸಿಎಲ್‌ನಲ್ಲಿ ಮಾಡಿಸಿಕೊಡುತ್ತಾರೆ. ಹುಡುಗನ ಕಾಲೇಜು ಅದರಲ್ಲಿದೆಯಾ ಅಂತ ವಿಭಾಗದ ಮುಖ್ಯಸ್ಥರನ್ನು ಕೇಳಲಿ. ಅಲ್ಲಿ ಸಾಫ್ಟ್‌ವೇರ್ ಮತ್ತು ನಿಯಮ ಪುಸ್ತಕ ಎರಡೂ ಮುಚ್ಚಿದವು, ಸಹಿ ಹಾಕಬೇಕು. ಕಲಿಕೆಗೆ ಚೆನ್ನ, ಅವನ ತತ್ವಕ್ಕೆ ಅಲ್ಲ. ಅದನ್ನು ಅವನೇ ತೀರ್ಮಾನಿಸಲಿ.

ಕೊನೆಗೆ ಡಬ್ಬಿ ಮೇಲಿನ ಬರಹ. "ಪೂರ್ತಿ ಓಪನ್ ಸೋರ್ಸ್, ನೈತಿಕ ಚಿಪ್" ಅಂತ ಬರೆಸಬೇಡಿ. ಎರಡೂ ಸುಳ್ಳಾಗುತ್ತವೆ. ಹೀಗೆ ಬರೆಸಿ: "ಬೋರ್ಡ್ ನಕ್ಷೆ ಮತ್ತು ಪ್ರೋಗ್ರಾಂ ತೆರೆದಿವೆ. ಚಿಪ್ ಮತ್ತು ಸಿಮ್ ಮಾಡ್ಯೂಲ್ ಹೊರಗಿನವು. ಯಾವ ಮೆಕ್ಯಾನಿಕ್ ಬೇಕಾದರೂ ರಿಪೇರಿ ಮಾಡಬಹುದು." ಹಳೆಯ ರೇಡಿಯೋಗಳ ಹಿಂದಿನ ಮುಚ್ಚಳಕ್ಕೆ ಸರ್ಕ್ಯೂಟ್ ಅಂಟಿಸುತ್ತಿದ್ದರು, ನೆನಪಿದೆಯಾ? ನೀವೂ ಸ್ಟಾರ್ಟರ್ ಬಾಗಿಲಿನ ಒಳಗೆ ಹಾಗೇ ಒಂದು ಹಾಳೆ ಅಂಟಿಸಿ. ಧೂಳಿಗೆ ಅಳಿಸದ ಹಾಗೆ ಲ್ಯಾಮಿನೇಟ್ ಮಾಡಿಸಿ.